ಸ್ಕ್ರೂ ಇಲ್ಲದ ಮೀನು

ಗುಬ್ಬಿ ಚನ್ನಬಸವೇಶ್ವರ ಸ್ವಾಮಿ ಜಾತ್ರೇಲಿ ನಮ್ಮಜ್ಜಿ ಅಕ್ಕನ ಮಗನಿಗೆ ಅಂತ ಒಂದು ಆಟಿಕೆ ತಂದಿದ್ರು. ಪ್ಲಾಸ್ಟಿಕ್ ಮೀನು. ಗುಂಡಿ ಒತ್ತಿದ್ರೆ ಕೆಂಪು, ನೀಲಿ ಲೈಟು ಮಿಣುಕಿ ಯಾವುದೋ ಭಾಷೆಯ ಹಾಡು ಬರ್ತಿತ್ತು. ಅರವತ್ತು ರೂಪಾಯಿ ಹೇಳಿದ್ದನ್ನ ಚೌಕಾಸಿ ಮಾಡಿ ಐವತ್ತಕ್ಕೆ ತಂದೆ ಅಂತ ಅಜ್ಜಿಗೆ ಖುಷಿ. ಪುಟ್ಟನಿಗೆ ಆಗ ಒಂದು ವರ್ಷ ಎರಡು ತಿಂಗಳು. ಮೂರನೇ ದಿನ ಮಧ್ಯಾಹ್ನ ಮೀನು ಹಾಡೋದು ನಿಲ್ಲಿಸ್ತು. ತಿರುಗಿಸಿ ನೋಡಿದ್ರೆ ಹೊಟ್ಟೆ ಕೆಳಗಿನ ಮುಚ್ಚಳ ಇಲ್ಲ. ಮೂರು ಬಟನ್ ಸೆಲ್ ಕೂರೋ ಜಾಗ ಖಾಲಿ.

ಚಾಪೆ ಕೆಳಗೆ ಒಂದು ಸಿಕ್ತು. ಹೊಸ್ತಿಲ ಹತ್ರ ಇನ್ನೊಂದು. ಮೂರನೆಯದು ಇಲ್ಲ.

ಅಕ್ಕ ಪುಟ್ಟನ ಬಾಯಿಗೆ ಬೆರಳು ಹಾಕಿ ನೋಡಿದ್ಲು. ಅವನು ಕಿರುಚಿ ಅತ್ತ. ಅಳ್ತಿದಾನೆ ಅಂದ್ರೆ ನೋವಾಗ್ತಿದೆಯೋ, ಬೆರಳು ಹಾಕಿದ್ದಕ್ಕೆ ಅಳ್ತಿದಾನೋ ಯಾರಿಗೂ ಗೊತ್ತಾಗ್ಲಿಲ್ಲ. ಭಾವ ಬೈಕ್ ತೆಗೆದ್ರು. ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್. ನಾನು ಮನೇಲೇ ಉಳಿದು ಸೋಫಾ, ಮಂಚ, ಅಕ್ಕಿ ಡಬ್ಬದ ಹಿಂದೆ, ಎಲ್ಲಾ ಕಡೆ ಟಾರ್ಚ್ ಹಾಕಿ ಹುಡುಕ್ತಾ ಇದ್ದೆ. ಎಕ್ಸ್‌ರೇಲಿ ಏನೂ ಇಲ್ಲ ಅಂತ ಫೋನ್ ಬಂತು. ಆ ಸೆಲ್ ಸಂಜೆ ಅಜ್ಜಿಯ ಎಲೆಅಡಿಕೆ ಚೀಲದ ಮಡಿಕೇಲಿ ಸಿಕ್ತು.

ರಾತ್ರಿ ಊಟ ಆದ್ಮೇಲೆ ಅಜ್ಜಿ ಒಂದು ಮಾತು ಕೇಳಿದ್ರು. "ಆ ಅಂಗಡಿಯೋನು ನನ್ನ ಕಣ್ಣೆದುರೇ ಹತ್ತಿಪ್ಪತ್ತು ಜನಕ್ಕೆ ಇದೇ ಮೀನು ಮಾರ್ದ ಕಣಪ್ಪ. ಆ ಮನೆಯೋರಿಗೆಲ್ಲ ಯಾರು ಹೇಳ್ತಾರೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಈ ಲೇಖನ ಆ ಪ್ರಶ್ನೆ ಹಿಡ್ಕೊಂಡು ಓದ್ತಾ ಹೋದಾಗ ತಿಳಿದದ್ದು. ಪ್ರಪಂಚದಲ್ಲಿ ಅದಕ್ಕೆ ಇರೋ ಹೆಸರು ರೀಕಾಲ್. ಕನ್ನಡದಲ್ಲಿ ಏನಂತಾರೆ ಅಂತ ಅಮ್ಮನ್ನ ಕೇಳಿದೆ. "ವಾಪಸ್ ಕರೆಯೋದು" ಅಂದ್ರು. ಆ ಪದ ಚೆನ್ನಾಗೇ ಇದೆ. ಯಾಕಂದ್ರೆ ಕರೆಯೋಕೆ ಮೊದಲು ಯಾರನ್ನ ಕರೀಬೇಕು ಅಂತ ಗೊತ್ತಿರಬೇಕು. ತೊಂದರೆ ಇರೋದೇ ಅಲ್ಲಿ.

ಮೊದಲು, ಒಂದು ಸೆಲ್ಲಿಗೆ ಅಷ್ಟು ಗಾಬರಿ ಯಾಕೆ ಅಂತ ಹೇಳಿಬಿಡ್ತೀನಿ. ಸೆಲ್ ನುಂಗಿದ್ರೆ ಅದು ಸೋರಿ ವಿಷ ಆಗತ್ತೆ ಅಂತ ನಾನು ಅಂದ್ಕೊಂಡಿದ್ದೆ. ಮುಖ್ಯ ಅಪಾಯ ಅದಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿಯ ಎಲೆಕ್ಟ್ರಾಲಿಸಿಸ್ ನೆನಪು ಮಾಡ್ಕೊಳ್ಳಿ. ನೀರನ್ನ ಒಡೆಯೋಕೆ ಥಿಯರಿ ಪ್ರಕಾರ 1.23 ವೋಲ್ಟ್ ಸಾಕು. ಅನ್ನನಾಳದ ಗೋಡೆ ಯಾವಾಗಲೂ ಒದ್ದೆ, ಅದರಲ್ಲಿ ಉಪ್ಪಿನಂಶ ಇದೆ, ಅಂದ್ರೆ ಕರೆಂಟ್ ಹರಿಯತ್ತೆ. ಸೆಲ್ ಅಲ್ಲಿ ಸಿಕ್ಕಿಹಾಕಿಕೊಂಡ ತಕ್ಷಣ ಸರ್ಕಿಟ್ ಪೂರ್ತಿ ಆಗತ್ತೆ. ನೆಗೆಟಿವ್ ಕಡೆ ಹೈಡ್ರಾಕ್ಸೈಡ್ ಅಯಾನು ಹುಟ್ಟುತ್ತೆ, ಅಲ್ಲಿನ ಪಿಎಚ್ ಏರ್ತಾ ಹೋಗುತ್ತೆ. ಕಟ್ಟಿಕೊಂಡ ಸಿಂಕಿಗೆ ಹಾಕ್ತೀವಲ್ಲ ಕಾಸ್ಟಿಕ್ ಸೋಡಾ, ಅದನ್ನ ಮಗುವಿನ ಗಂಟಲಲ್ಲೇ ತಯಾರು ಮಾಡಿದ ಹಾಗೆ. ತೂಕದ ಮಿಷನ್, ಕಾರಿನ ಕೀ, ಚಿಕ್ಕ ರಿಮೋಟ್‌ಗಳಲ್ಲಿ ಬರೋ ಸಿಆರ್‌2032 ಸೆಲ್ ಅತಿ ಅಪಾಯದ್ದು. ಅದಕ್ಕೆ 3 ವೋಲ್ಟ್, ಮೇಲಾಗಿ 20 ಮಿಲಿಮೀಟರ್ ಅಗಲ. ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳೋಕೆ ಅಳತೆ ತೆಗೆದು ಮಾಡಿದ ಹಾಗಿದೆ. ಎರಡು ಗಂಟೆ ಒಳಗೇ ಗಂಭೀರ ಸುಟ್ಟ ಗಾಯ ಆಗಬಹುದು. ರಿಮೋಟ್ ಓಡಿಸೋಕೆ ಆಗದ "ಸತ್ತ" ಸೆಲ್ಲಲ್ಲೂ ಇಷ್ಟು ಮಾಡೋ ವೋಲ್ಟೇಜ್ ಉಳಿದಿರತ್ತೆ.

ನಮ್ಮ ಮೀನಲ್ಲಿದ್ದದ್ದು 11.6 ಮಿಲಿಮೀಟರಿನ, 1.5 ವೋಲ್ಟಿನ ಸೆಲ್. ಇವು ಸಾಮಾನ್ಯವಾಗಿ ಜಾರಿ ಹೊಟ್ಟೆಗೆ ಹೋಗಿ ಹೊರಗೆ ಬಂದುಬಿಡ್ತವೆ ಅಂತ ಡಾಕ್ಟರೂ ಹೇಳಿದ್ರು. ಆದ್ರೆ ಮೂಗಿಗೆ ಅಥವಾ ಕಿವಿಗೆ ತುರುಕಿಕೊಂಡ್ರೆ ಅಲ್ಲೇ ಸುಡತ್ತೆ. ಅನುಮಾನ ಬಂದ್ರೆ ಕಾಯ್ಬೇಡಿ, ವಾಂತಿ ಮಾಡಿಸ್ಬೇಡಿ, ಎಕ್ಸ್‌ರೇ ಇರೋ ಆಸ್ಪತ್ರೆಗೆ ನೇರ ಹೋಗಿ. ಒಂದು ವರ್ಷ ದಾಟಿದ ಮಗು ಆಗಿದ್ದು, ನುಂಗಿ 12 ಗಂಟೆ ಒಳಗಾಗಿದ್ರೆ, ದಾರೀಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಿ ಅಂತ ಅಮೆರಿಕದ ವಿಷ ಮಾಹಿತಿ ಕೇಂದ್ರದವರು ಹೇಳ್ತಾರೆ. ಜೇನು ಹುಡುಕ್ತಾ ತಡ ಮಾಡೋದು ಬೇಡ ಅಂತಲೂ ಅವರೇ ಹೇಳ್ತಾರೆ.

ಇಷ್ಟು ದೊಡ್ಡ ಅಪಾಯಕ್ಕೆ ಪರಿಹಾರ ಏನು ಗೊತ್ತಾ? ಒಂದು ಸ್ಕ್ರೂ. ಬ್ಯಾಟರಿ ಮುಚ್ಚಳ ಟೂಲ್ ಇಲ್ಲದೆ ತೆಗೆಯೋಕೆ ಆಗಬಾರದು, ಅಷ್ಟೇ. ಅಮೆರಿಕದಲ್ಲಿ ಹದಿನೆಂಟು ತಿಂಗಳ ಮಗುವೊಂದು ಸೆಲ್ ನುಂಗಿ ಸತ್ತ ಮೇಲೆ, ಆಟಿಕೆ ಅಲ್ಲದ ಮನೆಬಳಕೆ ವಸ್ತುಗಳಿಗೂ ಈ ನಿಯಮ ಬೇಕು ಅಂತ 2022ರ ಆಗಸ್ಟಲ್ಲಿ ಕಾನೂನೇ ಮಾಡಿದ್ರು. ಆಟಿಕೆಗಳಿಗೆ ನಮ್ಮಲ್ಲೂ ನಿಯಮ ಇದೆ. ನಮ್ಮ ಮೀನಿನ ಮುಚ್ಚಳದಲ್ಲಿ ಸ್ಕ್ರೂ ಹಾಕೋ ತೂತು ಇತ್ತು, ಸ್ಕ್ರೂ ಇರಲಿಲ್ಲ. ಅಚ್ಚು ಮಾಡಿದವನಿಗೆ ನಿಯಮ ಗೊತ್ತಿತ್ತು. ಜೋಡಿಸಿದವನು ಹತ್ತು ಪೈಸೆ ಉಳಿಸಿದ. ಮೆಕ್ಯಾನಿಕಲ್‌ನವರು ಇದನ್ನ ಡಿಸೈನ್ ತಪ್ಪು ಅಂತಾರೋ ಅಸೆಂಬ್ಲಿ ತಪ್ಪು ಅಂತಾರೋ ಅವರೇ ಹೇಳ್ಲಿ.

ನಮ್ಮ ದೇಶದ ನಿಯಮ ಕಾಗದದ ಮೇಲೆ ಗಟ್ಟಿಯಾಗೇ ಇದೆ. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಬಂತು, 2021ರ ಜನವರಿ 1ರಿಂದ ಜಾರಿ ಆಯ್ತು. ಅದರ ಪ್ರಕಾರ 14 ವರ್ಷದೊಳಗಿನ ಮಕ್ಕಳ ಆಟಿಕೆ ಅಂದ್ರೆ ಐಎಸ್‌ಐ ಗುರುತು ಇರಲೇಬೇಕು. ದೇಶದಲ್ಲೇ ಮಾಡಿರಲಿ, ಹೊರಗಿಂದ ತರಿಸಿರಲಿ. ಇದರ ಹಿಂದೆ ಒಂದು ಪರೀಕ್ಷೆ ಇದೆ. ಭಾರತೀಯ ಗುಣಮಟ್ಟ ಮಂಡಳಿಯವರು 2019ರಲ್ಲಿ ದೆಹಲಿ ಸುತ್ತಮುತ್ತಲ ಮಾರುಕಟ್ಟೆಯಿಂದ ಆಮದು ಆಟಿಕೆಗಳನ್ನ ತಂದು ಪರೀಕ್ಷೆ ಮಾಡಿದಾಗ ಶೇಕಡ 66.9ರಷ್ಟು ಫೇಲ್ ಆದವು. ನಮ್ಮ ಇಂಟರ್ನಲ್ಸ್ ರಿಸಲ್ಟ್ ಪರವಾಗಿಲ್ಲ ಅನ್ನೋ ಹಾಗಿತ್ತು ಅದು.

ಆ ಪರೀಕ್ಷೆಗಳಲ್ಲಿ ನನಗೆ ಇಷ್ಟ ಆದದ್ದು ಸಣ್ಣ ಭಾಗಗಳ ಸಿಲಿಂಡರ್. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಾದ್ರೆ, ಅದನ್ನ ಬೀಳಿಸಿ, ಎಳೆದು, ತಿರುಚಿ ನೋಡ್ತಾರೆ. ಕಿತ್ತು ಬಂದ ಚೂರನ್ನ 31.7 ಮಿಲಿಮೀಟರ್ ವ್ಯಾಸದ, ಓರೆಯಾದ ತಳ ಇರೋ ಒಂದು ಕೊಳವೆಗೆ ಹಾಕ್ತಾರೆ. ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಚೂರು ಪೂರ್ತಿ ಒಳಗೆ ಹೋದ್ರೆ ಆಟಿಕೆ ಫೇಲ್. ಆ ಕೊಳವೆ ಚಿಕ್ಕ ಮಗುವಿನ ಗಂಟಲಿನ ಲೆಕ್ಕ. ಎಲೆಕ್ಟ್ರಾನಿಕ್ಸ್ ಬೇಡ, ಸಾಫ್ಟ್‌ವೇರ್ ಬೇಡ. ನಮ್ಮ ವರ್ಕ್‌ಶಾಪಿನ ಲೇತಲ್ಲೇ ಮಾಡಬಹುದು, ಯಾರಾದ್ರೂ ಮಿನಿ ಪ್ರಾಜೆಕ್ಟಿಗೆ ತಗೊಳ್ಳಿ.

ಇಲ್ಲಿ ಒಂದು ವಿನಾಯಿತಿ ಇದೆ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರೋ ಆಟಿಕೆಗೆ ಮತ್ತು ಭೌಗೋಳಿಕ ಗುರುತು ಪಡೆದವಕ್ಕೆ ಐಎಸ್‌ಐ ಕಡ್ಡಾಯ ಅಲ್ಲ. ಕುಣಿಗಲ್‌ನಿಂದ ಅಷ್ಟೇನೂ ದೂರ ಇಲ್ಲದ ಚನ್ನಪಟ್ಟಣದ ಬೊಂಬೆಗಳು ಇದರಲ್ಲಿ ಬರ್ತವೆ. ಮರ, ಅರಗು, ಬಣ್ಣ, ಅಷ್ಟೇ. ಇದು ಸರಿ ಅಂತಲೇ ನನ್ನ ಅಭಿಪ್ರಾಯ, ಒಂದು ಮನೆಯಲ್ಲಿ ಕೂತು ಬುಗುರಿ ಕಡೆಯೋರ ಮೇಲೆ ಲ್ಯಾಬ್ ಫೀಸು ಹೇರಿದ್ರೆ ಅವರು ಕೆಲಸ ಬಿಡ್ತಾರೆ. ಆದ್ರೆ ಬಣ್ಣ ಬಳಿದ ಮರದ ಚೂರನ್ನೆಲ್ಲ ಚನ್ನಪಟ್ಟಣದ್ದು ಅಂತ ಮಾರೋರೂ ಇದಾರೆ, ಅದು ಗೊತ್ತಿರಲಿ.

ಗುರುತು ಇಲ್ಲದ್ದು ಮಾರಾಟ ಆಗೋದನ್ನ ತಡೆಯೋ ಕೆಲಸ ಭಾರತೀಯ ಮಾನಕ ಬ್ಯೂರೋದ್ದು. ಜನ ಬಿಐಎಸ್ ಅಂತಾರೆ. ಅದರ ಬೆಂಗಳೂರು ಶಾಖೆ ಪೀಣ್ಯದಲ್ಲಿದೆ, ಅದೂ ತುಮಕೂರು ರಸ್ತೇಲಿ. ನಾವು ಬಸ್ಸಲ್ಲಿ ಬೆಂಗಳೂರಿಗೆ ಹೋಗುವಾಗ ದಾಟಿ ಹೋಗೋ ಜಾಗಾನೇ. 2023ರ ಜನವರಿಯಲ್ಲಿ ಬಿಐಎಸ್ ಒಂದು ಲೆಕ್ಕ ಕೊಡ್ತು. ಹಿಂದಿನ ಒಂದು ತಿಂಗಳಲ್ಲಿ ದೇಶದ ದೊಡ್ಡ ದೊಡ್ಡ ಅಂಗಡಿಗಳಿಂದ, ಮಾಲ್ ಮತ್ತು ವಿಮಾನ ನಿಲ್ದಾಣದ ಮಳಿಗೆಗಳೂ ಸೇರಿ, ಗುರುತಿಲ್ಲದ 18,600 ಆಟಿಕೆ ಹಿಡಿದಿದ್ರಂತೆ. ಏಸಿ ಹಾಕಿದ ಮಳಿಗೆಯ ಕಥೆ ಇದು. ಹಾಗಾಗಿ ಜಾತ್ರೆ ಅಂಗಡಿಯವನನ್ನೇ ಕಳ್ಳ ಅನ್ನೋದು ನ್ಯಾಯ ಅಲ್ಲ. ಅವನು ಹೋಲ್‌ಸೇಲಲ್ಲಿ ಡಜನ್ ಲೆಕ್ಕದಲ್ಲಿ ಹೊತ್ತು ತರ್ತಾನೆ.

ಹಿಡಿದದ್ದು ಅಂಗಡೀಲಿ ಇನ್ನೂ ಮಾರಾಟ ಆಗದೆ ಇದ್ದ ಮಾಲು. ಅಜ್ಜಿ ಕೇಳಿದ್ದು ಮಾರಿ ಆದಮೇಲಿನ ಮಾತು.

ಅದಕ್ಕೂ ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಡಿಯಲ್ಲಿ 2020ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಶುರು ಆಯ್ತು. ಹಳೇ ಕಾಯ್ದೇಲಿ ನೀವು ಒಬ್ಬರೇ ಹೋಗಿ ನಿಮಗಾದ ನಷ್ಟಕ್ಕೆ ಕೇಸ್ ಹಾಕಬಹುದಿತ್ತು. ಹೊಸ ಪ್ರಾಧಿಕಾರ ಯಾರೂ ಕೇಸ್ ಹಾಕದೇ ಇದ್ರೂ ತಾನಾಗೇ ತನಿಖೆ ಮಾಡಬಹುದು. ಸೆಕ್ಷನ್ 20 ನಮಗೆ ಬೇಕಾಗಿದ್ದು. ಅಪಾಯದ ವಸ್ತುವನ್ನ ಮಾರುಕಟ್ಟೆಯಿಂದ, ಜನರ ಕೈಯಿಂದ ವಾಪಸ್ ಕರೆಸೋದು, ಕೊಂಡವರಿಗೆ ದುಡ್ಡು ವಾಪಸ್ ಕೊಡಿಸೋದು, ಎರಡಕ್ಕೂ ಅದು ಆದೇಶ ಮಾಡಬಹುದು. ಪಾಲಿಸದಿದ್ರೆ ಆರು ತಿಂಗಳವರೆಗೆ ಜೈಲು ಅಥವಾ 20 ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ಇದನ್ನ ನಿಜವಾಗಿ ಬಳಸಿದ್ದು ಕುಕ್ಕರ್ ವಿಷಯದಲ್ಲಿ. 2021ರ ಫೆಬ್ರವರಿ 1ರಿಂದ ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಐಎಸ್ 2347 ಅನ್ನೋ ಮಾನದಂಡ ಕಡ್ಡಾಯ. ಆಮೇಲೂ ಆನ್‌ಲೈನಲ್ಲಿ ಗುರುತಿಲ್ಲದ ಕುಕ್ಕರ್ ಮಾರಾಟ ಆಗ್ತಿದ್ವು. 2022ರ ಆಗಸ್ಟಲ್ಲಿ ಪ್ರಾಧಿಕಾರ ಆದೇಶ ಮಾಡ್ತು. ಅಮೆಜಾನ್ ಮೂಲಕ ಹೋದ 2,265 ಕುಕ್ಕರ್, ಫ್ಲಿಪ್‌ಕಾರ್ಟ್ ಮೂಲಕ ಹೋದ 598 ಕುಕ್ಕರ್ ಕೊಂಡ ಪ್ರತಿಯೊಬ್ಬರಿಗೂ ತಿಳಿಸಿ, ವಾಪಸ್ ತಗೊಂಡು ದುಡ್ಡು ಕೊಡಿ, ಜೊತೆಗೆ ತಲಾ ಒಂದು ಲಕ್ಷ ದಂಡ. ನಾವು ಮಾರಿಲ್ಲ, ಮಾರೋಕೆ ಜಾಗ ಕೊಟ್ಟಿದೀವಿ ಅಷ್ಟೇ ಅನ್ನೋ ವಾದ ನಡೀಲಿಲ್ಲ. ಅಮೆಜಾನ್ ದೆಹಲಿ ಹೈಕೋರ್ಟಿಗೆ ಹೋಯ್ತು. ದಂಡದ ಹಣ ಕೋರ್ಟಲ್ಲಿ ಇಡಿ, ಕೊಂಡವರಿಗೆ ವಿಷಯ ತಿಳಿಸಿ ಅಂತ ಸೆಪ್ಟೆಂಬರಲ್ಲಿ ಕೋರ್ಟ್ ಹೇಳ್ತು.

ಕುಕ್ಕರ್ ಯಾಕೆ ಅಷ್ಟು ಮುಖ್ಯ ಅಂತ ಅನ್ನಿಸಿದ್ರೆ ಒಂದು ಲೆಕ್ಕ ಮಾಡಿ. ಒಳಗಿನ ಒತ್ತಡ ಹೊರಗಿನದ್ದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಹೆಚ್ಚು. ಮುಚ್ಚಳ 20 ಸೆಂಟಿಮೀಟರ್ ವ್ಯಾಸ ಅಂತಿಟ್ಕೊಳ್ಳಿ, ವಿಸ್ತೀರ್ಣ 314 ಚದರ ಸೆಂಟಿಮೀಟರ್. ಅಂದ್ರೆ ಮುಚ್ಚಳದ ಮೇಲೆ ಒಳಗಿಂದ 314 ಕೆಜಿ ಭಾರ. ಆರು ಮೂಟೆ ಸಿಮೆಂಟು! ನೀರು ಒಳಗೆ 120 ಡಿಗ್ರೀಲಿ ಇರತ್ತೆ. ಮುಚ್ಚಳ ಹಾರಿದ ಕ್ಷಣ ಅದು 100ಕ್ಕೆ ಇಳಿಯಲೇಬೇಕು, ಹೆಚ್ಚಿನ ಶಾಖ ನೀರಿನ ಒಂದು ಪಾಲನ್ನ ಆವಿ ಮಾಡತ್ತೆ. ಮೂರು ಲೀಟರ್ ನೀರಿದ್ರೆ ಸುಮಾರು 180 ಲೀಟರ್ ಆವಿ ಒಂದೇ ಏಟಿಗೆ ಅಡುಗೆಮನೆಗೆ ನುಗ್ಗತ್ತೆ. ಇದನ್ನ ತಡೆಯೋದು ವಿಷಲ್ ತೂಕ, ಆ ದಾರಿ ಕಟ್ಟಿದ್ರೆ ಕರಗೋ ಸೇಫ್ಟಿ ವಾಲ್ವ್, ಒಂದು ಗ್ಯಾಸ್ಕೆಟ್. ಆ ವಾಲ್ವಿನ ಲೋಹ ಸರಿಯಾದ ಬಿಸಿಗೆ ಕರಗತ್ತಾ ಇಲ್ವಾ ಅಂತ ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ. ಲ್ಯಾಬ್ ಬೇಕು. ಗುರುತು ಇರೋದೇ ಅದಕ್ಕೆ.

ಈಗ ಆ ಆದೇಶದಲ್ಲಿರೋ ಸಂಖ್ಯೆ ನೋಡಿ. 2,265. "ಸುಮಾರು ಎರಡು ಸಾವಿರ" ಅಲ್ಲ, ಎಣಿಸಿಟ್ಟ ಸಂಖ್ಯೆ. ಪ್ರತಿ ಕುಕ್ಕರ್ ಯಾವ ಮನೆಗೆ ಹೋಯ್ತು, ಫೋನ್ ನಂಬರ್ ಏನು, ಕಂಪನಿ ಹತ್ರ ಇತ್ತು. ವಾಪಸ್ ಕರೆಯೋಕೆ ಸಾಧ್ಯ ಆದದ್ದೇ ಅದರಿಂದ. ಮಂಡಿಪೇಟೆಯ ಒಂದು ಪಾತ್ರೆ ಅಂಗಡಿಯಲ್ಲೋ ಕುಣಿಗಲ್ ಸಂತೆಯಲ್ಲೋ ಬಿಲ್ ಇಲ್ಲದೆ ಮಾರಾಟ ಆದ ಅಂಥದೇ ಕುಕ್ಕರಿನ ಲೆಕ್ಕ ಆ ಆದೇಶದಲ್ಲಿ ಬರೋಕೇ ಸಾಧ್ಯ ಇಲ್ಲ.

ವಿಳಾಸ ಇದ್ರೆ ಏನೇನು ಮಾಡಬಹುದು ಅನ್ನೋದಕ್ಕೆ ನಮ್ಮ ಜಿಲ್ಲೇಲೇ ಹೋಲಿಕೆ ಸಿಗತ್ತೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯ್ತು. ವಿಮಾನ ಕ್ಷೇತ್ರದಲ್ಲಿ ಮುಖ್ಯ ಭಾಗಗಳಿಗೆಲ್ಲ ಸೀರಿಯಲ್ ನಂಬರ್, ಯಾವ ದಿನ ಯಾವುದಕ್ಕೆ ಹಾಕಿದ್ರು ಅನ್ನೋ ದಾಖಲೆ ಇರತ್ತೆ. 2025ರ ಜನವರಿಯಲ್ಲಿ ಪೋರಬಂದರಲ್ಲಿ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್ ಬಿದ್ದಾಗ ದೇಶದ ಧ್ರುವ್‌ಗಳನ್ನೆಲ್ಲ ನೆಲಕ್ಕಿಳಿಸಿ ತಪಾಸಣೆಗೆ ಹಾಕೋಕೆ ಆಗಿದ್ದು ಪ್ರತಿಯೊಂದೂ ಎಲ್ಲಿದೆ ಅಂತ ಗೊತ್ತಿದ್ದರಿಂದ. ಕಾರು, ಬೈಕಿಗೂ ಚಾಸಿ ನಂಬರ್ ಇದೆ. ತಪ್ಪಿರೋ ವಾಹನವನ್ನ ಕಂಪನಿ ಕಡ್ಡಾಯವಾಗಿ ವಾಪಸ್ ಕರೀಬೇಕು ಅನ್ನೋ ನಿಯಮ 2021ರ ಏಪ್ರಿಲ್ 1ರಿಂದ ಇದೆ. ಒಂದೇ ತಾಲೂಕಲ್ಲಿ ಒಂದು ಕಡೆ ಪ್ರತಿ ಬೋಲ್ಟಿನ ಜಾತಕ ಬರೆದಿಡ್ತಾರೆ, ಇನ್ನೊಂದು ಕಡೆ ಮಗು ಬಾಯಿಗೆ ಹಾಕ್ಕೊಳ್ಳೋ ಮೀನಿಗೆ ಅಪ್ಪ ಅಮ್ಮ ಯಾರು ಅಂತಾನೇ ಗೊತ್ತಿಲ್ಲ.

ಹೆಲಿಕಾಪ್ಟರ್ ದುಬಾರಿ, ಐವತ್ತು ರೂಪಾಯಿ ಆಟಿಕೆಗೆ ಇದೆಲ್ಲ ಆಗತ್ತಾ ಅಂತ ಕೇಳಬಹುದು. ಹನ್ನೆರಡು ರೂಪಾಯಿ ನೂಡಲ್ಸಿಗೆ ಆಗಿತ್ತು. 2015ರ ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿ ವಾಪಸ್ ತಗೊಳ್ಳಿ ಅಂತ ಆದೇಶ ಮಾಡ್ತು. ಆಗ ನಾವೆಲ್ಲ ಪ್ರೈಮರಿ ಸ್ಕೂಲಲ್ಲಿದ್ವಿ. ಕುಣಿಗಲ್‌ನಲ್ಲಿ ನಮ್ಮ ದೊಡ್ಡಪ್ಪನ ಪ್ರಾವಿಜನ್ ಸ್ಟೋರಿಗೆ ಡಿಸ್ಟ್ರಿಬ್ಯೂಟರ್ ಕಡೆಯ ಹುಡುಗ ಬಂದು ಪ್ಯಾಕೆಟ್ ಎಣಿಸಿ, ಚೀಟಿ ಬರೆದು, ವ್ಯಾನಿಗೆ ಹಾಕ್ಕೊಂಡು ಹೋದನಂತೆ. ದೇಶದ ತುಂಬಾ ಹೀಗೆ 30 ಸಾವಿರ ಟನ್‌ಗೂ ಹೆಚ್ಚು ಮಾಲು ಹಿಂದಕ್ಕೆ ಹೋಯ್ತು. ಮಾಲು ಬಂದ ದಾರೀಲೇ ಹಿಂದಕ್ಕೆ ಹೋಗೋಕೆ ಸಾಧ್ಯ ಆಯ್ತು, ಯಾಕಂದ್ರೆ ದಾರಿ ಇತ್ತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ನಿಷೇಧವನ್ನ ರದ್ದು ಮಾಡ್ತು. ಪರೀಕ್ಷೆ ಮಾಡಿದ ಲ್ಯಾಬ್‌ಗಳಿಗೆ ಬೇಕಾದ ಮಾನ್ಯತೆ ಇರಲಿಲ್ಲ, ಕಂಪನಿಯ ಮಾತನ್ನ ಸರಿಯಾಗಿ ಕೇಳಲೂ ಇಲ್ಲ ಅಂತ. ಮತ್ತೆ ಪರೀಕ್ಷೆ ಮಾಡಿದಾಗ ಪಾಸಾಯ್ತು, ನಮ್ಮ ನಂಜನಗೂಡಿನ ಕಾರ್ಖಾನೆಯೂ ಸೇರಿ ಮೂರು ಕಡೆ ಉತ್ಪಾದನೆ ಮತ್ತೆ ಶುರು ಆಯ್ತು. ಅಂದ್ರೆ ರೀಕಾಲ್ ಆದೇಶ ಕೂಡ ತಪ್ಪಾಗಬಹುದು. ಅದಕ್ಕೇ ಸೆಕ್ಷನ್ 20ರಲ್ಲೂ ಆದೇಶಕ್ಕೆ ಮೊದಲು ಎದುರಿನವರ ಮಾತು ಕೇಳಬೇಕು ಅಂತ ಬರೆದಿದೆ.

ಇನ್ನು ಆದೇಶ ಸರಿಯಾಗಿದ್ದು, ದಾರಿಯೂ ಇದ್ದು, ಸುದ್ದಿ ಮಾತ್ರ ತಲುಪದೇ ಇದ್ರೆ? ಅಮೆರಿಕದಲ್ಲಿ 1972ರಲ್ಲೇ ಇದಕ್ಕೆ ಅಂತ ಕಾನೂನು, ಆಯೋಗ ಎರಡೂ ಬಂದಿದ್ವು. ಆದ್ರೂ 1998ರಲ್ಲಿ ಶಿಕಾಗೋದಲ್ಲಿ ಒಂದೂವರೆ ವರ್ಷ ತುಂಬದ ಮಗುವೊಂದು, ಕೆಲಸಕ್ಕೆ ಹೋಗೋರ ಮಕ್ಕಳನ್ನ ನೋಡ್ಕೊಳ್ಳೋ ಮನೆಯಲ್ಲಿ ಮಲಗಿದ್ದಾಗ, ಮಡಚೋ ತೊಟ್ಟಿಲು ಕುಸಿದು ಕುತ್ತಿಗೆ ಸಿಕ್ಕಿಕೊಂಡು ತೀರಿಹೋಯ್ತು. ಆ ತೊಟ್ಟಿಲು 1993ರಲ್ಲೇ ರೀಕಾಲ್ ಆಗಿತ್ತು. ಐದು ವರ್ಷ! ಮಗುವಿನ ಅಪ್ಪ ಅಮ್ಮ ಬಿಡದೆ ಹೋರಾಡಿದ್ರು. 2008ರ ಕಾನೂನಿನಲ್ಲಿ ತೊಟ್ಟಿಲು, ಮಗುವಿನ ಕುರ್ಚಿಯಂಥ ವಸ್ತುಗಳ ಜೊತೆ ಒಂದು ನೋಂದಣಿ ಕಾರ್ಡ್ ಇಡಲೇಬೇಕು ಅಂತ ಬಂತು. ವಿಳಾಸ ಬರೆದು ಕಳಿಸಿದ್ರೆ ರೀಕಾಲ್ ಆದಾಗ ಮನೆಗೇ ತಿಳಿಸ್ತಾರೆ.

ಆ ಸುದ್ದಿ ಓದಿದಾಗ ನಮ್ಮನೆ ಅಟ್ಟದ ಮೇಲಿರೋ ವಾಕರ್ ನೆನಪಾಯ್ತು. ಚಿಕ್ಕಮ್ಮನ ಮಗಳಿಗೆ ತಂದದ್ದು, ಆಮೇಲೆ ಎದುರು ಮನೆಗೆ ಹೋಗಿ, ಅಲ್ಲಿಂದ ಯಾರದ್ದೋ ನಾಮಕರಣಕ್ಕೆ ಹೋಗಿ, ಈಗ ಪುಟ್ಟನಿಗೆ ಅಂತ ವಾಪಸ್ ಬಂದಿದೆ. ನಮ್ಮಲ್ಲಿ ಮಕ್ಕಳ ಸಾಮಾನು ಒಂದು ಮನೇಲಿ ನಿಲ್ಲಲ್ಲ. ಒಳ್ಳೇದೇ, ಆದ್ರೆ ಮೊದಲು ಕೊಂಡವರಿಗೆ ಬರೋ ಎಚ್ಚರಿಕೆ ಈಗ ಬಳಸೋರಿಗೆ ಬರಲ್ಲ. ಅಂದಹಾಗೆ ಚಕ್ರ ಇರೋ ಬೇಬಿ ವಾಕರ್ ಮಾರೋದನ್ನ ಕೆನಡಾ 2004ರಲ್ಲೇ ನಿಷೇಧ ಮಾಡಿದೆ, ಸೆಕೆಂಡ್ ಹ್ಯಾಂಡ್ ಕೂಡ ಮಾರೋ ಹಾಗಿಲ್ಲ. ಕಾರಣ ಮೆಟ್ಟಿಲು. ಮಗು ನಡೆಯೋ ವೇಗಕ್ಕಿಂತ ಚಕ್ರ ವೇಗ, ದೊಡ್ಡೋರು ಎದ್ದು ಬರೋಷ್ಟರಲ್ಲಿ ಅಂಚು ದಾಟಿರತ್ತೆ. ನಮ್ಮ ಗುಬ್ಬಿ ಮನೆಗೆ ಮೆಟ್ಟಿಲಿಲ್ಲ, ಎರಡೂವರೆ ಅಡಿ ಜಗಲಿ ಇದೆ. ಅಕ್ಕ ವಾಕರ್ ಅಟ್ಟದಿಂದ ಇಳಿಸೋಕೆ ಬಿಡಲ್ಲ.

ಮಕ್ಕಳ ಮಾತು ನಮಗ್ಯಾಕೆ ಅನ್ನೋ ಹಾಸ್ಟೆಲ್, ಪಿಜಿ ಗೆಳೆಯರಿಗೆ ಒಂದು ಪ್ಯಾರಾ. 2021ರ ಡಿಸೆಂಬರಲ್ಲಿ ಪ್ರಾಧಿಕಾರ ಎರಡು ಸುರಕ್ಷತಾ ಸೂಚನೆ ಹೊರಡಿಸ್ತು. ಮೊದಲನೆಯದರಲ್ಲಿ ಹೆಲ್ಮೆಟ್, ಕುಕ್ಕರ್, ಗ್ಯಾಸ್ ಸಿಲಿಂಡರ್ ಇದ್ವು. ಹತ್ತು ದಿನ ಬಿಟ್ಟು ಬಂದ ಎರಡನೆಯದರಲ್ಲಿ ಬಕೆಟಿಗೆ ಹಾಕೋ ಹೀಟರ್ ಕಾಯಿಲ್ ಇತ್ತು. ಗುರುತಿಲ್ಲದ್ದು ಕೊಳ್ಳಬೇಡಿ ಅಂತ. ಇದು ಎಚ್ಚರಿಕೆ ಅಷ್ಟೇ, ರೀಕಾಲ್ ಅಲ್ಲ. ನಿಮ್ಮ ರೂಮಿನ ಕಾಯಿಲ್ ಮೇಲೆ 1500 ವಾಟ್ ಅಂತ ಇದ್ದು, ತುದಿಯಲ್ಲಿ 6 ಆಂಪಿಯರ್ ಪ್ಲಗ್ ಇದ್ರೆ 1500ನ್ನ 230ರಿಂದ ಭಾಗಿಸಿ. 6.5 ಬರತ್ತೆ. ಅಂದ್ರೆ ಹೊಸದಾಗಿದ್ದಾಗಲೇ ಪ್ಲಗ್ ಓವರ್‌ಲೋಡ್. ಮೂರನೇ ಪಿನ್ ಇಲ್ಲದ್ದಾದ್ರೆ ಅರ್ಥ್ ಇಲ್ಲ, ಕಾಯಿಲ್ ಒಳಗೆ ಇನ್ಸುಲೇಶನ್ ಬಿರುಕು ಬಿಟ್ರೆ ಬಕೆಟ್ ನೀರೇ ಲೈವ್. ಬಿಲ್ಡಿಂಗಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತ ಓನರನ್ನ ಕೇಳಿ. ಇಲೆಕ್ಟ್ರಿಕಲ್ ಬ್ರಾಂಚಿನವರು ಜೊತೆಗಿದ್ರೆ ಕೇಳೋದು ಸುಲಭ. ಹಾಗೇ ಹೆಲ್ಮೆಟ್ ಒಳಗೆ ಥರ್ಮೋಕೋಲ್ ಇದೆಯೋ ಬರೀ ಸ್ಪಂಜೋ ಅಂತ ಒತ್ತಿ ನೋಡಿ.

ಗುರುತು ಇದೆ ಅಂದ್ರೆ ಸಾಲದು, ಅಂಟಿಸೋ ಸ್ಟಿಕರ್ ಯಾರು ಬೇಕಾದ್ರೂ ಪ್ರಿಂಟ್ ಹಾಕಬಹುದು. ಐಎಸ್‌ಐ ಚಿಹ್ನೆ ಮೇಲೆ ಮಾನದಂಡದ ಸಂಖ್ಯೆ ಇರತ್ತೆ, ಕುಕ್ಕರಿಗೆ ಐಎಸ್ 2347, ಹೆಲ್ಮೆಟ್ಟಿಗೆ ಐಎಸ್ 4151, ಆಟಿಕೆಗೆ ಐಎಸ್ 9873, ಬ್ಯಾಟರಿ ಅಥವಾ ಕರೆಂಟಿನ ಆಟಿಕೆಗೆ ಐಎಸ್ 15644. ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ಸಂಖ್ಯೆ. ಬಿಐಎಸ್ ಕೇರ್ ಆ್ಯಪಲ್ಲಿ ಅದನ್ನ ಹಾಕಿದ್ರೆ ಲೈಸೆನ್ಸ್ ಯಾರದ್ದು, ಯಾವ ವಸ್ತುವಿಗೆ, ಈಗಲೂ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತೆ. ಬೇರೆ ವಸ್ತುವಿನ ನಂಬರ್ ತಂದು ಒತ್ತಿರೋದು ಅಲ್ಲೇ ಗೊತ್ತಾಗುತ್ತೆ.

ದೂರು ಕೊಡೋಕೆ 1915 ಅನ್ನೋ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಅದೇ ಬಿಐಎಸ್ ಆ್ಯಪಲ್ಲೂ ಕೊಡಬಹುದು. ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೂ ಕೊಡಬಹುದು, ಇದು ನನಗೆ ಹೊಸ ವಿಷಯ. ನಷ್ಟ ಆಗಿದ್ರೆ ಜಿಲ್ಲಾ ಗ್ರಾಹಕ ಆಯೋಗ, ಐದು ಲಕ್ಷದವರೆಗಿನ ವಸ್ತುವಿಗೆ ಫೀಸಿಲ್ಲ. ಸೆಕ್ಷನ್ 86 ಇನ್ನೊಂದು ಮಾತು ಹೇಳುತ್ತೆ. ತಯಾರಿಸಿದವರು ಯಾರು ಅಂತ ಗೊತ್ತೇ ಆಗದಿದ್ರೆ ಮಾರಿದವನೇ ಹೊಣೆ. ಓದೋಕೆ ಚೆನ್ನಾಗಿದೆ. ಆದ್ರೆ ಗುಬ್ಬೀಲಿ ಮೀನು ಮಾರಿದವನು ಆಗಲೇ ಗಂಟು ಕಟ್ಟಿ ಎಡೆಯೂರಿಗೋ ಇನ್ನಾವ ಜಾತ್ರೆಗೋ ಹೋಗಿರ್ತಾನೆ.

ನಾನು ಆ್ಯಪಲ್ಲಿ ದೂರು ಹಾಕಿದೆ. ಫೋಟೋ ಸೇರಿಸಿದೆ. ತಯಾರಕರ ಹೆಸರು ಏನು ಬರೀಲಿ ಅಂತ ಮೀನನ್ನ ಎಲ್ಲಾ ಕಡೆ ತಿರುಗಿಸಿ ನೋಡಿದೆ. ರೆಕ್ಕೆ ಕೆಳಗೆ ಅಚ್ಚಿನಲ್ಲೇ ಬಂದ ಒಂದು ಸಂಖ್ಯೆ ಬಿಟ್ರೆ ಏನಿಲ್ಲ. ಬ್ಯಾಚ್ ಇಲ್ಲ, ಊರಿಲ್ಲ. ಆ ಸಂಖ್ಯೆಯನ್ನೇ ಬರೆದು ಕಳಿಸಿದೆ.

ಅಜ್ಜಿ ಮಾತ್ರ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮೀನನ್ನ ಕವರಲ್ಲಿ ಹಾಕ್ಕೊಂಡು ಸೋಮವಾರ ದೇವಸ್ಥಾನಕ್ಕೆ ಹೋದ್ರು. ಹೂವಿನವರ ಹತ್ರ, ಚಪ್ಪಲಿ ಬಿಡೋ ಜಾಗದಲ್ಲಿ, ಎಲ್ಲಾರಿಗೂ ತೋರಿಸಿ ಕೇಳಿದ್ರಂತೆ, "ನಿಮ್ಮನೇಲೂ ಇದಿದ್ಯೇನ್ರವ್ವಾ?" ಅಮ್ಮ ಅದರ ಫೋಟೋ ಬೀದಿಯ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ್ರು. ಆ ವಾರ ಮೂರು ಮೀನು ನಮ್ಮನೆಗೆ ಬಂದ್ವು. ಒಂದರಲ್ಲಿ ಸ್ಕ್ರೂ ಇತ್ತು. ಎರಡರಲ್ಲಿ ಇರಲಿಲ್ಲ, ಅದರಲ್ಲೊಂದರ ಮುಚ್ಚಳಕ್ಕೆ ಆ ಮನೆಯವರು ಆಗಲೇ ಸೆಲ್ಲೋಟೇಪ್ ಸುತ್ತಿದ್ರು. ಅಜ್ಜಿ ಮೂರಕ್ಕೂ ಐವತ್ತೈವತ್ತು ರೂಪಾಯಿ ಕೊಡೋಕೆ ಹೋದ್ರು, ಯಾರೂ ತಗೊಳ್ಳಲಿಲ್ಲ.